ಲಕ್ಷಬತ್ತಿ: ಕೈಗೆಲಸವನ್ನು ಸಾಮೂಹಿಕ ಸಾಧನೆಯಾಗಿಸುವ ಸಮಗ್ರ ಮಾರ್ಗದರ್ಶಿ

ಒಂದು ಲಕ್ಷ ಹತ್ತಿಯ ಬತ್ತಿಗಳನ್ನು ಕೈಯಾರೆ ಹೊಸೆದು, ತುಪ್ಪದಲ್ಲೋ ಎಣ್ಣೆಯಲ್ಲೋ ನೆನೆಸಿ, ಸಾಮಾನ್ಯವಾಗಿ ಕಾರ್ತಿಕ ಮಾಸದಲ್ಲಿ ದೇವರ ಮುಂದೆ ಬೆಳಗಿಸುವ ವ್ರತಕ್ಕೆ ಲಕ್ಷಬತ್ತಿ ಎನ್ನುತ್ತಾರೆ. ಮನೆಗೆಲಸ ಮುಗಿದ ಮಧ್ಯಾಹ್ನಗಳಲ್ಲಿ ಅಜ್ಜಿಯರು ಮಡಿಲಲ್ಲಿ ಹತ್ತಿ ಇಟ್ಟುಕೊಂಡು ತಿಂಗಳುಗಟ್ಟಲೆ ಇದನ್ನು ನಡೆಸುತ್ತಿದ್ದರು. ಈಗ ಒಂದೇ ಮನೆಯಲ್ಲಿ ಅಷ್ಟು ಬಿಡುವೂ ಇಲ್ಲ, ಅಷ್ಟು ಕೈಗಳೂ ಇಲ್ಲ. ಆದರೆ ಒಂದು ಬೀದಿಯ, ಒಂದು ಅಪಾರ್ಟ್‌ಮೆಂಟಿನ ಅಥವಾ ಒಂದು ಭಜನಾ ಮಂಡಳಿಯ ಇಪ್ಪತ್ತೈದು ಜನ ಸೇರಿದರೆ ಇದು ನಾಲ್ಕು ತಿಂಗಳಲ್ಲಿ ಆರಾಮವಾಗಿ ಮುಗಿಯುವ ಕೆಲಸ. ಅಂಥ ಕೂಟವನ್ನು ಕಟ್ಟುವುದು ಹೇಗೆ, ನಡೆಸುವುದು ಹೇಗೆ, ಕೊನೆಯ ದಿನ ಅನಾಹುತವಿಲ್ಲದೆ ದೀಪ ಬೆಳಗಿಸುವುದು ಹೇಗೆ ಎಂಬುದನ್ನು ಇಲ್ಲಿ ಹಂತಹಂತವಾಗಿ ವಿವರಿಸಲಾಗಿದೆ.

ಇಷ್ಟೆಲ್ಲ ಹವ್ಯಾಸಗಳಿರುವಾಗ ಬತ್ತಿಯನ್ನೇ ಏಕೆ ಆರಿಸಿಕೊಳ್ಳಬೇಕು ಎಂಬ ಪ್ರಶ್ನೆ ಸಹಜ. ಕಸೂತಿಯಾಗಲಿ ಚಿತ್ರಕಲೆಯಾಗಲಿ ಕೊನೆಗೆ ಮಾಡಿದವರ ಹೆಸರು ಹೊತ್ತ ಒಂದು ವಸ್ತುವಾಗಿ ಉಳಿಯುತ್ತದೆ. ಅದನ್ನು ನೋಡಿ ಮೆಚ್ಚುವವರಿರುತ್ತಾರೆ, ಹೋಲಿಸುವವರಿರುತ್ತಾರೆ, ಆ ಹೋಲಿಕೆಯಿಂದ ಕೆಲವರ ಮನಸ್ಸು ಮುದುಡುತ್ತದೆ. ಬತ್ತಿಯಲ್ಲಿ ಆ ತಾಪತ್ರಯವಿಲ್ಲ. ಯಾರದು ಅಂದವಾಗಿತ್ತು, ಯಾರದು ಸೊಟ್ಟಗಿತ್ತು ಎಂಬುದು ಹಚ್ಚಿದ ಮೇಲೆ ಯಾರಿಗೂ ತಿಳಿಯುವುದಿಲ್ಲ. ಉರಿದುಹೋಗಲೆಂದೇ ಮಾಡುವ ಕೆಲಸವಾದ್ದರಿಂದ, ಮಾಡುವ ಹೊತ್ತಿನ ಗಮನವೊಂದೇ ಮಾಡಿದವರ ಪಾಲಿಗೆ ಉಳಿಯುತ್ತದೆ. ಕೈಗೆಲಸವನ್ನು ಸಾಧನೆ ಎನ್ನಬೇಕಾದರೆ ಈ ಗುಣ ಅದರಲ್ಲಿ ಇರಲೇಬೇಕೆಂದು ನನಗನಿಸುತ್ತದೆ.

ಕೈಗೆಲಸಕ್ಕೂ ಸಾಧನೆಗೂ ನಂಟು ಕಟ್ಟಿದ್ದು ನಮ್ಮಲ್ಲಿ ಹೊಸದೇನಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ನುಲಿಯ ಚಂದಯ್ಯ ಹುಲ್ಲು ಕೊಯ್ದು ತಂದು, ಹಗ್ಗ ಹೊಸೆದು ಮಾರಿ, ಬಂದದ್ದರಲ್ಲಿ ದಾಸೋಹ ನಡೆಸುತ್ತಿದ್ದ. ಶರಣರು ಗುಡಿಯ ಆಚರಣೆಗಳನ್ನು ಒಪ್ಪಿದವರಲ್ಲ, ಆದ್ದರಿಂದ ಲಕ್ಷಬತ್ತಿಗೆ ಅವರ ಸಾಕ್ಷಿ ಎಳೆದುತರುವುದು ನ್ಯಾಯವಲ್ಲ; ಆದರೆ ದಿನನಿತ್ಯದ ಕೆಲಸವೇ ಪೂಜೆಯ ಜಾಗದಲ್ಲಿ ನಿಲ್ಲಬಲ್ಲದು ಎಂಬ ಮಾತನ್ನು ಕನ್ನಡದಲ್ಲಿ ಅವರಷ್ಟು ಗಟ್ಟಿಯಾಗಿ ಹೇಳಿದವರು ಬೇರೆ ಇಲ್ಲ. ಗಾಂಧೀಜಿ ನೂಲುವುದನ್ನು ಯಜ್ಞವೆಂದು ಕರೆದು, ಆಶ್ರಮವಾಸಿಗಳು ದಿನಕ್ಕಿಷ್ಟು ಎಂದು ನೂಲಲೇಬೇಕೆಂಬ ನಿಯಮ ಇಟ್ಟರು. ಎಲ್ಲರೂ ಒಟ್ಟಿಗೆ ಕುಳಿತು ಮೌನವಾಗಿ ನೂಲುವ ಸೂತ್ರಯಜ್ಞ ಅಲ್ಲಿಂದ ಬಂದದ್ದು. ನಮ್ಮ ಕೂಟದ ನಿಯಮಗಳಿಗೆ ಆ ಪದ್ಧತಿಯಿಂದ ಎರವಲು ಪಡೆಯಬಹುದಾದದ್ದು ಬಹಳವಿದೆ.

ಮೊದಲ ಹಂತ: ಜನರನ್ನು ಸೇರಿಸುವುದು

ಹತ್ತರಿಂದ ಇಪ್ಪತ್ತೈದು ಜನರ ಕೂಟ ಒಳ್ಳೆಯದು. ಅದಕ್ಕಿಂತ ಹೆಚ್ಚಾದರೆ ಎರಡು ಗುಂಪುಗಳಾಗಿ ಬೇರೆ ಬೇರೆ ಮನೆಗಳಲ್ಲಿ ಕುಳಿತುಕೊಳ್ಳುವುದು ಮೇಲು, ಏಕೆಂದರೆ ಕೈಗೆಲಸ ಕಲಿಸಬೇಕಾದರೆ ಕಲಿಯುವವರ ಬೆರಳುಗಳು ಕಲಿಸುವವರ ಕಣ್ಣಿಗೆ ಬೀಳಬೇಕು. ಚೆನ್ನಾಗಿ ಬತ್ತಿ ಹೊಸೆಯಬಲ್ಲ ಹಿರಿಯರು ಇಬ್ಬರಾದರೂ ಇರಲಿ. ಅಂಥವರು ಪ್ರತಿ ಬೀದಿಯಲ್ಲೂ ಇರುತ್ತಾರೆ. ಯಾರೂ ಕೇಳದೆ ಇರುವುದರಿಂದ ಅವರಿಗೆ ಬರುತ್ತದೆಂಬುದು ನಮಗೆ ತಿಳಿದಿರುವುದಿಲ್ಲ.

ಯಾರು ಬರಬಹುದು ಎಂಬುದನ್ನು ಮೊದಲ ದಿನವೇ ಬಾಯಿಬಿಟ್ಟು ಹೇಳಬೇಕು. ಇಂಥ ಕೂಟಗಳಲ್ಲಿ ಯಾರೂ ಬರೆದಿಡದ ನಿಯಮಗಳು ಗುಟ್ಟಾಗಿ ಕೆಲಸ ಮಾಡುತ್ತಿರುತ್ತವೆ: ಗಂಡ ಇಲ್ಲದವರು ಬಾಗಿಲ ಬಳಿಯೇ ಕುಳಿತುಕೊಳ್ಳುವುದು, ಮುಟ್ಟಿನ ದಿನಗಳಲ್ಲಿ ಕೆಲವರು ಹೇಳದೆ ತಪ್ಪಿಸಿಕೊಳ್ಳುವುದು, ಇಂಥ ಜಾತಿಯವರ ಮನೆಯಲ್ಲಿ ಕೂಟ ನಡೆಯದಿರುವುದು. ಎಲ್ಲರಿಗೂ ಒಂದೇ ಚಾಪೆ, ಸರದಿಯ ಮೇಲೆ ಎಲ್ಲರ ಮನೆ ಎಂದು ಕೂಟವನ್ನು ಕರೆದವರೇ ಮೊದಲು ಹೇಳಿಬಿಟ್ಟರೆ ಮುಂದಿನ ಎಷ್ಟೋ ನೋವು ತಪ್ಪುತ್ತದೆ. ಮಡಿಯಲ್ಲಿಯೇ ಹೊಸೆಯಬೇಕೆಂಬ ನಿಷ್ಠೆಯುಳ್ಳವರು ತಮ್ಮ ಪಾಲನ್ನು ಮನೆಯಲ್ಲಿ ಹಾಗೆಯೇ ಮಾಡಿಕೊಳ್ಳಲಿ, ಕೂಟದ ಮೇಲೆ ಅದನ್ನು ಹೇರಬಾರದು. ಗಂಡಸರನ್ನೂ ಮಕ್ಕಳನ್ನೂ ಕರೆಯಬೇಕು. ನಿವೃತ್ತರಾದ ಗಂಡಸರು ಒಮ್ಮೆ ಕೈ ಪಳಗಿದರೆ ಲೆಕ್ಕದಲ್ಲಿ ಎಲ್ಲರನ್ನೂ ಹಿಂದಿಕ್ಕುತ್ತಾರೆ, ಅದೇ ಅವರ ತೊಂದರೆ ಕೂಡ. ಆ ಕುರಿತು ಮುಂದೆ ಹೇಳುತ್ತೇನೆ.

ಎರಡನೆಯ ಹಂತ: ದಿನಗಳ ಲೆಕ್ಕ

ಆಷಾಢ ಶುದ್ಧ ಏಕಾದಶಿಯಿಂದ ಕಾರ್ತಿಕ ಶುದ್ಧ ದ್ವಾದಶಿಯವರೆಗಿನ ಚಾತುರ್ಮಾಸ್ಯ ಈ ಕೆಲಸಕ್ಕೆ ಹೇಳಿ ಮಾಡಿಸಿದ ಅವಧಿ. ಅಧಿಕ ಮಾಸ ನಡುವೆ ಬಾರದ ವರ್ಷದಲ್ಲಿ ಅದು ಸುಮಾರು 118 ದಿನ. ಅದರಲ್ಲಿ ನೂರು ದಿನಗಳನ್ನು ಕೆಲಸಕ್ಕೆ ಇಟ್ಟುಕೊಂಡರೂ ಹಬ್ಬ, ಪ್ರಯಾಣ, ಕಾಯಿಲೆಗಳಿಗೆಂದು ಎರಡು ವಾರಕ್ಕೂ ಹೆಚ್ಚು ಬಿಡುವು ಉಳಿಯುತ್ತದೆ. ಇಪ್ಪತ್ತೈದು ಜನ ದಿನಕ್ಕೆ ತಲಾ 40 ಬತ್ತಿ ಹೊಸೆದರೆ ನೂರು ದಿನಕ್ಕೆ ಸರಿಯಾಗಿ ಲಕ್ಷವಾಗುತ್ತದೆ. ಪಳಗಿದ ಕೈಗೆ 40 ಬತ್ತಿ ಕಾಲು ಗಂಟೆಯ ಕೆಲಸ. ಹೊಸಬರಿಗೆ ಮೊದಮೊದಲು ಅರ್ಧ ಗಂಟೆ ದಾಟುತ್ತದೆ.

ಇರುವವರು ಹತ್ತೇ ಜನರಾದರೆ ಲಕ್ಷದ ಹಟ ಬೇಡ. ಹತ್ತು ಸಾವಿರದ ಸಂಕಲ್ಪ ಮಾಡಿದರೆ ಒಬ್ಬೊಬ್ಬರಿಗೆ ದಿನಕ್ಕೆ ಹತ್ತು ಬತ್ತಿ ಬರುತ್ತದೆ, ಅದು ಯಾರಿಗೂ ಭಾರವಲ್ಲ. ಶಕ್ತಿ ಮೀರಿ ಸಂಕಲ್ಪ ಮಾಡಿ, ಕೊನೆಯ ವಾರದಲ್ಲಿ ಅಂಗಡಿಯ ಪೊಟ್ಟಣಗಳಿಂದ ಲೆಕ್ಕ ತುಂಬಿಸುವ ಕೂಟಗಳಿವೆ. ಹಾಗೆ ತುಂಬಿದ ಲಕ್ಷಕ್ಕಿಂತ ಕೈಯಿಂದಾದ ಎಂಟು ಸಾವಿರ ಮೇಲು. ಬತ್ತಿಯ ಲೆಕ್ಕದ ಮಟ್ಟಿಗೆ, ಕೊಂಡ ಬತ್ತಿ ಸೇರಿಸುವುದಿಲ್ಲ ಎಂಬುದು ಕೂಟದ ಒಂದೇ ಕಟ್ಟುನಿಟ್ಟಿನ ನಿಯಮವಾಗಿರಲಿ.

ಮೂರನೆಯ ಹಂತ: ಹತ್ತಿ

ಬೀಜ ತೆಗೆದು ಬಿಡಿಸಿದ ಅರಳೆ ಉತ್ತಮ. ಧಾರವಾಡ, ಹಾವೇರಿ, ರಾಯಚೂರಿನ ಕಡೆ ಬಂಧುಗಳಿದ್ದರೆ ಬೀಜದ ಹತ್ತಿಯನ್ನೇ ತರಿಸಿ, ಮೊದಲ ಎರಡು ಕೂಟಗಳನ್ನು ಬೀಜ ಬಿಡಿಸಿ ಎಳೆ ಹಿಂಜುವುದಕ್ಕೇ ಮೀಸಲಿಡಬಹುದು. ಬತ್ತಿಯ ಮೆದುತನ ಹಿಂಜುವುದರಲ್ಲಿಯೇ ಇದೆ. ಔಷಧ ಅಂಗಡಿಯ ಸುರುಳಿ ಹತ್ತಿಯೂ ನಡೆಯುತ್ತದೆ. ಅದರ ಸಹಜ ಮೇಣದಂಶವನ್ನು ತೊಳೆದು ತೆಗೆದಿರುವುದರಿಂದ ಎಣ್ಣೆಯನ್ನು ಬೇಗ ಹೀರುತ್ತದೆ. ಆದರೆ ಅದು ಪದರಪದರವಾಗಿ ಒತ್ತಿರುತ್ತದೆ, ಹಿಂದಿನ ದಿನವೇ ಬಿಡಿಸಿ ಗಾಳಿಗೆ ಹರಡಬೇಕು.

ಎಚ್ಚರಿಕೆ ಬೇಕಾದದ್ದು ಸೌಂದರ್ಯವರ್ಧಕಗಳ ಜೊತೆ ಮಾರುವ ಉಂಡೆಗಳ ವಿಷಯದಲ್ಲಿ. ಅವುಗಳಲ್ಲಿ ಕೆಲವಕ್ಕೆ ಪಾಲಿಯೆಸ್ಟರ್ ಬೆರೆತಿರುತ್ತದೆ, ಪರದೇಶಗಳಲ್ಲಿರುವ ಕನ್ನಡಿಗರಿಗೆ ಬಹಳ ಸಲ ಕೈಗೆ ಸಿಗುವುದು ಇವೇ. ಒಂದು ಚಿಟಿಕೆಯನ್ನು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಬೇಕು. ಶುದ್ಧ ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು, ಬೆರಳಲ್ಲಿ ಉಜ್ಜಿದರೆ ಉದುರುವ ಬೂದಿ ಉಳಿಯುತ್ತದೆ. ಬೆರಕೆಯಾದರೆ ಪ್ಲಾಸ್ಟಿಕ್ಕಿನ ವಾಸನೆಯೊಂದಿಗೆ ಕರಗಿ ಗಟ್ಟಿ ಗುಂಡಾಗುತ್ತದೆ. ಎಷ್ಟು ಹತ್ತಿ ಬೇಕೆಂಬುದಕ್ಕೆ ಯಾರ ಮಾತನ್ನೂ ನಂಬಬೇಡಿ, ಬತ್ತಿಯ ಗಾತ್ರ ಕೈಯಿಂದ ಕೈಗೆ ಬದಲಾಗುತ್ತದೆ. ನಿಮ್ಮ ಕೂಟದವರೇ ಮೊದಲ ದಿನ ಹೊಸೆದ ನೂರು ಬತ್ತಿಗಳನ್ನು ಅಕ್ಕಸಾಲಿಗರ ತಕ್ಕಡಿಯಲ್ಲೋ ಅಡುಗೆಯ ಡಿಜಿಟಲ್ ತಕ್ಕಡಿಯಲ್ಲೋ ತೂಗಿ, ಸಾವಿರದಿಂದ ಗುಣಿಸಿ, ಅದರ ಮೇಲೆ ಸ್ವಲ್ಪ ಹೆಚ್ಚಿಗೆ ತರಿಸಿ.

ನಾಲ್ಕನೆಯ ಹಂತ: ಹೊಸೆಯುವುದು

ಹೂಬತ್ತಿಯಿಂದಲೇ ಕಲಿಯಬೇಕು. ಹುಣಸೆ ಬೀಜದಷ್ಟು ಹತ್ತಿಯನ್ನು ಕಿತ್ತುಕೊಳ್ಳಬೇಕು. ಕತ್ತರಿಸಬಾರದು, ಕತ್ತರಿಸಿದರೆ ಎಳೆ ತುಂಡಾಗಿ ಬತ್ತಿ ನಿಲ್ಲುವುದಿಲ್ಲ. ಕಿತ್ತದ್ದನ್ನು ಎಡ ಅಂಗೈಯಲ್ಲಿಟ್ಟು, ಬೆರಳ ತುದಿಯಿಂದ ಸುತ್ತಲೂ ಎಳೆದು, ಒಂದು ರೂಪಾಯಿ ನಾಣ್ಯದಷ್ಟು ಅಗಲಕ್ಕೆ ಹರಡಬೇಕು. ನಡುವೆ ತುಸು ದಪ್ಪ, ಅಂಚಿಗೆ ತೆಳು ಇರಲಿ. ಈಗ ಅಂಚುಗಳನ್ನೆಲ್ಲ ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಿಂದ ಮೇಲಕ್ಕೆ ಕೂಡಿಸಿ, ತುದಿಯನ್ನು ಒಂದೇ ದಿಕ್ಕಿಗೆ ಮೂರು ನಾಲ್ಕು ಸುತ್ತು ತಿರುಚಿದರೆ, ಕೆಳಗೆ ಗುಂಡಗೆ ಕುಳಿತುಕೊಳ್ಳುವ, ಮೇಲೆ ಮೊಗ್ಗಿನ ತೊಟ್ಟಿನಂತೆ ನೆಟ್ಟಗೆ ನಿಲ್ಲುವ ಬತ್ತಿಯಾಗುತ್ತದೆ. ಬೆರಳು ಜಾರದಂತೆ ಚಿಟಿಕೆ ವಿಭೂತಿ ಮುಟ್ಟಿಕೊಳ್ಳುವುದು ವಾಡಿಕೆ. ಕೆಲವರು ಹಾಲು ಮುಟ್ಟಿಸುತ್ತಾರೆ. ಅಂದೇ ಹಚ್ಚುವ ಬತ್ತಿಗೆ ಅದು ಸರಿ, ನಾಲ್ಕು ತಿಂಗಳು ಕೂಡಿಡುವುದಕ್ಕೆ ಹಾಲು ಸಲ್ಲದು; ಹುಳಿವಾಸನೆ ಬಂದು ಇರುವೆ ಮುತ್ತುತ್ತದೆ.

ತಿರುಚು ಸಡಿಲವಾದರೆ ತುದಿ ಬಿಚ್ಚಿಕೊಂಡು ಒಮ್ಮೆಗೇ ಭಗ್ಗೆಂದು ಉರಿದು ಮುಗಿಯುತ್ತದೆ. ತೀರಾ ಬಿಗಿಯಾದರೆ ತುಪ್ಪ ಮೇಲೇರದೆ ಬತ್ತಿಯೇ ಕರಕಾಗುತ್ತದೆ. ಸರಿಯಾದ ಬಿಗಿ ಎಷ್ಟೆಂಬುದನ್ನು ಹೇಳಿ ತಿಳಿಸುವುದು ಕಷ್ಟ, ಬೆರಳಿಗೇ ಅದು ತಿಳಿಯಬೇಕು. ಆದ್ದರಿಂದ ಮೊದಲ ವಾರ ಪ್ರತಿಯೊಬ್ಬರೂ ತಾವು ಹೊಸೆದದ್ದರಲ್ಲಿ ಒಂದನ್ನು ಅಲ್ಲಿಯೇ ಹಚ್ಚಿ ನೋಡುವ ಪದ್ಧತಿ ಇಟ್ಟುಕೊಳ್ಳಿ. ಉದ್ದ ಬತ್ತಿಗೆ ಹತ್ತಿಯನ್ನು ನೀಳವಾಗಿ ಎಳೆದು ಅಂಗೈಗಳ ನಡುವೆಯೋ ತೊಡೆಯ ಮೇಲೋ ಹೊಸೆಯುತ್ತಾರೆ. ಸಂಧಿವಾತದಿಂದ ಬೆರಳು ಬಾಗದ ಹಿರಿಯರಿಗೆ ಹೂಬತ್ತಿಗಿಂತ ಇದು ಸುಲಭ. ಲಕ್ಷಬತ್ತಿಯಲ್ಲಿ ಯಾವ ಬಗೆಯ ಬತ್ತಿ ಎಂಬುದು ಮನೆತನದಿಂದ ಮನೆತನಕ್ಕೆ ಬೇರೆಯಾಗುವುದರಿಂದ, ನಿಮ್ಮ ಹಿರಿಯರನ್ನೂ ದೇವಸ್ಥಾನದ ಅರ್ಚಕರನ್ನೂ ಕೇಳಿ ಮೊದಲೇ ನಿರ್ಧರಿಸಿಕೊಳ್ಳಿ.

ಇನ್ನು ಜಪದ ವಿಷಯ. ಪ್ರತಿ ಬತ್ತಿಗೂ ಒಂದು ನಾಮ ಎಂಬುದು ರೂಢಿ. ತುದಿ ತಿರುಚುವ ಕ್ಷಣಕ್ಕೆ ನಾಮವನ್ನು ಹೊಂದಿಸಿಕೊಂಡರೆ ಕೈಗೂ ಬಾಯಿಗೂ ಒಂದೇ ಲಯ ಸಿಗುತ್ತದೆ. ಇಷ್ಟದೈವ ಯಾವುದೇ ಇರಲಿ, ನಾಮ ಚಿಕ್ಕದಾಗಿರಬೇಕು. ನಾಮ ಹೇಳುತ್ತಲೇ ಸಂಖ್ಯೆಯನ್ನೂ ಎಣಿಸಲು ಹೋದರೆ ಎರಡೂ ಕೆಡುತ್ತವೆ, ಎಣಿಕೆಯನ್ನು ಕೊನೆಗೆ ಬಿಟ್ಟುಬಿಡಿ. ನಾಮದಲ್ಲಿ ನಂಬಿಕೆ ಇಲ್ಲದವರು, ಕೂಟದ ಸಂಗಕ್ಕೆಂದೇ ಬಂದವರು, ಸುಮ್ಮನೆ ಬೆರಳನ್ನೇ ನೋಡುತ್ತ ಕುಳಿತರೂ ಸಾಕು. ಅವರನ್ನು ತಿದ್ದಲು ಯಾರೂ ಹೋಗಬಾರದು.

ಐದನೆಯ ಹಂತ: ವಾರದ ಕೂಟ

ದಿನದ 40 ಬತ್ತಿ ಮನೆಯಲ್ಲಿ. ವಾರಕ್ಕೊಮ್ಮೆ ಒಂದೂವರೆ ಗಂಟೆ ಎಲ್ಲರೂ ಒಂದು ಕಡೆ. ದೀಪ ಹಚ್ಚಿ ಮೊದಲ ಅರ್ಧ ಗಂಟೆ ಮೌನವಾಗಿ ಹೊಸೆಯಬೇಕು. ಫೋನುಗಳು ಬೇರೆ ಕೋಣೆಯಲ್ಲಿರಲಿ. ಮೊದಲ ಕೂಟದಲ್ಲಿ ಈ ಅರ್ಧ ಗಂಟೆ ಬಹಳ ಉದ್ದವೆನಿಸುತ್ತದೆ, ಯಾರಾದರೂ ಒಬ್ಬರಿಗೆ ನಗು ಬಂದೇ ಬರುತ್ತದೆ, ಅದರಿಂದ ಏನೂ ಕೆಡುವುದಿಲ್ಲ.

ಅನಂತರದ ಅರ್ಧ ಗಂಟೆ ಹಾಡಿಗೆ ಅಥವಾ ಓದಿಗೆ. ತಾಳವುಳ್ಳ ಭಜನೆಗೆ ಕೈ ತಟ್ಟಬೇಕಾಗುತ್ತದೆ, ಇಲ್ಲಿ ಕೈಗಳಿಗೆ ಬಿಡುವಿಲ್ಲ. ಆದ್ದರಿಂದ ತಾಳದ ಕಟ್ಟಿಲ್ಲದ ಹರಿದಾಸರ ಉಗಾಭೋಗಗಳು ಮತ್ತು ಶರಣರ ವಚನಗಳು ಈ ಕೂಟಕ್ಕೆ ಚೆನ್ನಾಗಿ ಹೊಂದುತ್ತವೆ. ಹಾಡುವವರಿಲ್ಲದಿದ್ದರೆ ಗಮಕ ಇನ್ನೂ ಒಳ್ಳೆಯದು, ಅದಕ್ಕೂ ತಾಳವಾದ್ಯದ ಹಂಗಿಲ್ಲ. ಒಬ್ಬರು ಕುಮಾರವ್ಯಾಸನ ಭಾಮಿನಿ ಷಟ್ಪದಿಯನ್ನು ರಾಗವಾಗಿ ವಾಚಿಸಿ, ಇನ್ನೊಬ್ಬರು ಅರ್ಥ ಹೇಳುತ್ತ ಹೋದರೆ, ಕೇಳುವವರ ಕೈ ತಾನಾಗಿ ನಡೆಯುತ್ತಿರುತ್ತದೆ. ಶಿವಮೊಗ್ಗದ ಬಳಿ ತುಂಗೆಯ ದಡದಲ್ಲಿರುವ ಹೊಸಹಳ್ಳಿಯಲ್ಲಿ ಗಮಕ ಇಂದಿಗೂ ಊರಿನ ಕಲೆಯಾಗಿ ಉಳಿದಿದೆ. ಆ ಊರಿನ ಗಮಕಿ ಎಚ್. ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂತು. ಶಾಸ್ತ್ರೀಯವಾಗಿ ಕಲಿತವರೇ ವಾಚಿಸಬೇಕೆಂದೇನೂ ಇಲ್ಲ. ಭಾಮಿನಿಯಲ್ಲಿ ಮೂರು ಮಾತ್ರೆ, ನಾಲ್ಕು ಮಾತ್ರೆಯ ಗಣಗಳು ಒಂದಾದ ಮೇಲೊಂದು ಬರುವುದರಿಂದ ಪದ ಒಡೆಯುವುದನ್ನು ಕಲಿತರೆ ಓದು ತನ್ನಷ್ಟಕ್ಕೆ ಹರಿಯತೊಡಗುತ್ತದೆ.

ಕೊನೆಯ ಅರ್ಧ ಗಂಟೆ ಮಾತಿಗೆ. ಮಾತನ್ನು ನಿಷೇಧಿಸುವ ಕೂಟಗಳು ಬಾಳುವುದಿಲ್ಲ. ಸೊಸೆಗೆ ಕೆಲಸ ಸಿಕ್ಕಿದ್ದು, ಮೊಣಕಾಲಿನ ಆಪರೇಷನ್ನು, ಮಗ ಫೋನ್ ಮಾಡದೇ ಇರುವುದು ಇವೆಲ್ಲ ಹೊರಬರುವುದು ಕೈ ಕೆಲಸದಲ್ಲಿದ್ದಾಗಲೇ, ಮುಖ ನೋಡಿ ಹೇಳಬೇಕಾದ ಸಂಕೋಚ ಅಲ್ಲಿ ಇರುವುದಿಲ್ಲ. ಇಲ್ಲಿ ಆಡಿದ ಮಾತು ಇಲ್ಲಿಯೇ ಉಳಿಯಬೇಕು, ಬಾರದವರ ಬಗ್ಗೆ ಆಡಬಾರದು ಎಂಬ ಎರಡು ಕಟ್ಟಳೆ ಸಾಕು. ತಿಂಡಿಯ ವಿಷಯದಲ್ಲಿ ಮಾತ್ರ ಬಿಗಿಯಾಗಿರಿ. ಕಡಲೆ ಉಸಲಿಯೋ ಹಣ್ಣೋ ಒಂದೇ ಪದಾರ್ಥ ಎಂದು ಗೊತ್ತು ಮಾಡದಿದ್ದರೆ ಮೂರನೆಯ ವಾರಕ್ಕೆ ಆತಿಥ್ಯದ ಪೈಪೋಟಿ ಶುರುವಾಗಿ, ಅನುಕೂಲವಿಲ್ಲದ ಮನೆಯವರು ನೆಪ ಹೇಳಿ ದೂರವಾಗುತ್ತಾರೆ.

ಆರನೆಯ ಹಂತ: ಎಣಿಕೆ ಮತ್ತು ಸಂಗ್ರಹ

ಹತ್ತು ಬತ್ತಿಗಳ ಗುಡ್ಡೆ ಮಾಡಿ, ಹತ್ತು ಗುಡ್ಡೆಗಳನ್ನು ಕಾಗದದಲ್ಲಿ ಸಡಿಲವಾಗಿ ಪೊಟ್ಟಣ ಕಟ್ಟಿ, ಹತ್ತು ಪೊಟ್ಟಣಗಳನ್ನು ಒಂದು ಡಬ್ಬಿಗೆ ಹಾಕಿದರೆ ಸಾವಿರ. ಅಂಥ ನೂರು ಡಬ್ಬಿಗೆ ಲಕ್ಷ. ಪೊಟ್ಟಣದ ಮೇಲೆ ಹೆಸರು ಬರೆಯಬಾರದು. ಕೂಟದ ಪುಸ್ತಕದಲ್ಲಿ ಆಯಾ ವಾರದ ಒಟ್ಟು ಮೊತ್ತವನ್ನಷ್ಟೇ ಬರೆಯಬೇಕು, ಯಾರದೆಷ್ಟು ಎಂಬುದನ್ನಲ್ಲ. ವೇಗದ ಕೈಯವರು ದಿನಕ್ಕೆ ಇನ್ನೂರು ಹೊಸೆದು ತಂದು ಎಲ್ಲರ ಪಾಲನ್ನೂ ತಾವೇ ಮುಗಿಸುವ ಹುರುಪು ತೋರುತ್ತಾರೆ. ಅಂಥವರಿಗೆ ಆಯ್ದಕ್ಕಿ ಲಕ್ಕಮ್ಮನ ಕತೆ ನೆನಪಿಸಬಹುದು: ಗಂಡ ಮಾರಯ್ಯ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಆಕೆ ಹಿಂದಕ್ಕೆ ಕಳಿಸಿದಳು. ವೇಗದವರು ಹೊಸಬರಿಗೆ ಕಲಿಸುವ ಕೆಲಸಕ್ಕೆ ತೊಡಗಿದರೆ ಅವರ ಹುರುಪೂ ಸಾರ್ಥಕವಾಗುತ್ತದೆ.

ಆಷಾಢದಿಂದ ಭಾದ್ರಪದದವರೆಗೆ ಮಳೆಗಾಲ. ಮಲೆನಾಡು, ಕರಾವಳಿಗಳಲ್ಲಿ ಹತ್ತಿಗೆ ತೇವ ತಗುಲಿ ಬೂಷ್ಟು ಹಿಡಿಯುವುದು ಖಂಡಿತ. ಒಣಗಿದ ಸ್ಟೀಲ್ ಡಬ್ಬಿಗಳಲ್ಲಿ ತುಂಬಿ, ಬಿಸಿಲು ಬಿದ್ದ ದಿನ ಬಟ್ಟೆಯ ಮೇಲೆ ಹರಡಿ ಒಣಗಿಸಬೇಕು. ಪ್ಲಾಸ್ಟಿಕ್ ಚೀಲ ಬೇಡವೇ ಬೇಡ.

ಏಳನೆಯ ಹಂತ: ದೀಪ ಬೆಳಗುವ ದಿನ

ಉತ್ಥಾನ ದ್ವಾದಶಿಯ ತುಳಸಿ ಪೂಜೆಗೆ ಹೊಸೆಯುವ ಕೆಲಸ ಮುಗಿಸಿ, ಮೂರು ದಿನದ ಮೇಲೆ ಬರುವ ಕಾರ್ತಿಕ ಹುಣ್ಣಿಮೆಗೆ ಬೆಳಗುವುದು ಅನುಕೂಲ. ದೇವಸ್ಥಾನದ ಆಡಳಿತದವರ ಒಪ್ಪಿಗೆಯನ್ನು ಒಂದು ತಿಂಗಳು ಮೊದಲೇ ಬರಹದಲ್ಲಿ ಪಡೆಯಿರಿ, ಏಕೆಂದರೆ ಕಾರ್ತಿಕದಲ್ಲಿ ಅಲ್ಲಿ ದೀಪೋತ್ಸವಗಳ ಸಾಲೇ ಇರುತ್ತದೆ. ಮನೆಗಳಲ್ಲಿಯೇ ಹಚ್ಚುವುದಾದರೆ ಪ್ರತಿ ಮನೆಗೆ ನಾಲ್ಕು ಸಾವಿರದಂತೆ ಹಂಚಿಕೊಂಡು, ಕಾರ್ತಿಕದ ಸಂಜೆಗಳಲ್ಲಿ ಸ್ವಲ್ಪಸ್ವಲ್ಪವಾಗಿ ಬೆಳಗಬಹುದು. ಲಕ್ಷವನ್ನೂ ಒಂದೇ ದಿನ ಉರಿಸುವ ವೈಭವಕ್ಕಿಂತ ನನಗೆ ಇದೇ ಹೆಚ್ಚು ಇಷ್ಟ.

ಒಂದೇ ದಿನ ಬೆಳಗುವುದಾದರೆ ಒಂದೊಂದನ್ನೇ ಹಚ್ಚಲಾಗದು. ತುಪ್ಪದಲ್ಲಿ ನೆನೆದ ಬತ್ತಿಗಳನ್ನು ಕಂತುಕಂತಾಗಿ ದೊಡ್ಡ ಹಿತ್ತಾಳೆ ಹರಿವಾಣಗಳಲ್ಲೋ ಅಗಲವಾದ ಮಣ್ಣಿನ ಪಾತ್ರೆಗಳಲ್ಲೋ ಇಟ್ಟು ಹಚ್ಚುತ್ತಾರೆ. ತುಪ್ಪದ ಅಂದಾಜಿಗೂ ಹತ್ತಿಯ ಲೆಕ್ಕದ ವಿಧಾನವೇ ಸರಿ: ನೂರು ಬತ್ತಿಗಳು ಎಷ್ಟು ಹೀರುತ್ತವೆಂದು ಅಳೆದು ಗುಣಿಸಿ. ಮೊತ್ತ ನೋಡಿ ಗಾಬರಿಯಾದರೆ ಎಳ್ಳೆಣ್ಣೆಗೆ ಬದಲಿಸುವುದರಲ್ಲಿ ದೋಷವಿಲ್ಲ. ಹೊಸ ಮಣ್ಣಿನ ಹಣತೆಗಳನ್ನು ಕೆಲವು ಗಂಟೆ ನೀರಲ್ಲಿ ನೆನೆಸಿ ಒರೆಸಿ ಬಳಸಿದರೆ ಎಣ್ಣೆ ಕುಡಿಯುವುದು ಕಡಿಮೆಯಾಗುತ್ತದೆ.

ಬೆಂಕಿಯ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಸಾವಿರ ಬತ್ತಿಗಳು ಒಟ್ಟಿಗೆ ಹತ್ತಿಕೊಂಡರೆ ಜ್ವಾಲೆ ಮೊಣಕಾಲೆತ್ತರಕ್ಕೂ ಮೀರಿ ಏಳಬಹುದು. ಆದ್ದರಿಂದ ಬಯಲಲ್ಲಿ, ಚಪ್ಪರ ತೋರಣಗಳಿಂದ ದೂರ ಹಚ್ಚಬೇಕು. ಹಚ್ಚುವವರು ಹತ್ತಿಯ ಬಟ್ಟೆ ಉಟ್ಟು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕು. ಉರಿಯುವ ತುಪ್ಪಕ್ಕೆ, ಎಣ್ಣೆಗೆ ನೀರು ಸುರಿದರೆ ಅದು ಸಿಡಿದು ಬೆಂಕಿ ಹರಡುತ್ತದೆ. ಒಣ ಮರಳಿನ ಬಕೆಟ್ಟುಗಳನ್ನೂ ಪಾತ್ರೆ ಮುಚ್ಚುವಷ್ಟು ದೊಡ್ಡ ತಟ್ಟೆಗಳನ್ನೂ ಪಕ್ಕದಲ್ಲಿಟ್ಟು, ಅವುಗಳ ಹತ್ತಿರ ಇಬ್ಬರು ಕೊನೆಯವರೆಗೂ ನಿಂತಿರಬೇಕು. ಆ ಇಬ್ಬರು ಆರತಿಗೂ ಬರಕೂಡದು. ಸುಟ್ಟ ಗಾಯವಾದರೆ ತಣ್ಣೀರಿನ ಧಾರೆಗೆ ಇಪ್ಪತ್ತು ನಿಮಿಷ ಹಿಡಿಯಬೇಕೆಂಬುದು ಎಲ್ಲರಿಗೂ ತಿಳಿದಿರಲಿ. ಪರದೇಶದ ಫ್ಲ್ಯಾಟುಗಳಲ್ಲಿ ಹೊಗೆಯ ಅಲಾರಂ ಬಡಿದುಕೊಳ್ಳುವುದರಿಂದ, ಒಳಗೆ ಐದು ದೀಪ ಹಚ್ಚಿ ಉಳಿದವನ್ನು ಅನುಮತಿಯಿರುವ ಹೊರಜಾಗದಲ್ಲಿ ಬೆಳಗುವುದೇ ಜಾಣತನ.

ದೀಪದ ಬದಲು ಬೇರೆ ಕೆಲಸ

ಸರ್ವಧರ್ಮದವರ ಕೂಟದಲ್ಲಿ ದೀಪಕ್ಕಿಂತ ಕೌದಿ ಹೊಲಿಗೆ ಹೆಚ್ಚು ಹೊಂದುತ್ತದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಸಿದ್ದಿ ಸಮುದಾಯದಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಮತಗಳ ಹೆಂಗಸರು ಹಳೆಯ ಬಟ್ಟೆಗಳನ್ನು ಜೋಡಿಸಿ ಕೌದಿ ಹೊಲಿಯುತ್ತಾರೆ. ಅಂಚಿನಿಂದ ಶುರುಮಾಡಿ ಸುತ್ತುತ್ತ ನಡುವಿಗೆ ಬರುವ ಅವರ ಹೊಲಿಗೆಯಲ್ಲಿ, ನಾಲ್ಕು ಮೂಲೆಗೆ ಮಡಿಸಿದ ಬಟ್ಟೆಯ ಹೂ ಕೂರದ ಹೊರತು ಕೌದಿ ಪೂರ್ತಿಯಾಗುವುದಿಲ್ಲ. ಮೇಲೆ ಹೇಳಿದ ವಾರದ ಕ್ರಮವನ್ನೇ ಇದಕ್ಕೂ ಇಟ್ಟುಕೊಂಡು, ಮುಗಿದ ಕೌದಿಯನ್ನು ಕೂಟದವರಾರೂ ಇಟ್ಟುಕೊಳ್ಳದೆ ಕೊಟ್ಟುಬಿಡಬೇಕು.

ದೀಪೋತ್ಸವದ ಮರುದಿನ

ಮರುದಿನ ಬೆಳಿಗ್ಗೆ ಎಲ್ಲರೂ ಮತ್ತೆ ಸೇರಬೇಕು. ಕಲ್ಲಿನ ಮೇಲೆ ಚೆಲ್ಲಿದ ಎಣ್ಣೆಯಲ್ಲಿ ಜನ ಜಾರಿ ಬೀಳುತ್ತಾರೆ. ಅದರ ಮೇಲೆ ಕಡಲೆ ಹಿಟ್ಟೋ ಒಣ ಬೂದಿಯೋ ಹರಡಿ, ಬಿಸಿನೀರಿನಲ್ಲಿ ಸೀಗೆಪುಡಿ ಹಾಕಿ ತಿಕ್ಕಿ ತೊಳೆಯಬೇಕು. ಕರಕಾದ ಬತ್ತಿ, ಒಡೆದ ಹಣತೆಗಳನ್ನು ಕೆರೆಗೆ ಬಿಡಬಾರದು. ಉಳಿದ ಎಣ್ಣೆಯನ್ನು ಸೋಸಿ ದೇವಸ್ಥಾನದ ನಂದಾದೀಪಕ್ಕೆ ಕೊಟ್ಟು, ಖರ್ಚಿನ ಲೆಕ್ಕವನ್ನು ಅಂದೇ ಎಲ್ಲರ ಮುಂದೆ ಓದಿ ಮುಗಿಸಬೇಕು. ಕೂಟವನ್ನು ಅಷ್ಟಕ್ಕೇ ಬಿಟ್ಟರೆ ಮುಂದಿನ ಆಷಾಢಕ್ಕೆ ಅರ್ಧ ಜನ ಚದುರಿರುತ್ತಾರೆ. ಡಿಸೆಂಬರ್ ನಡುವಿಗೆ ಧನುರ್ಮಾಸ ಬರುತ್ತದೆ. ಬೆಳಗಿನ ಜಾವ ದೇವಸ್ಥಾನದ ಅಂಗಳಕ್ಕೆ ಸರದಿಯ ಮೇಲೆ ರಂಗೋಲಿ ಹಾಕುವ ಕೆಲಸವನ್ನು ಇದೇ ಕೂಟ ವಹಿಸಿಕೊಳ್ಳಬಹುದು, ಮತ್ತು ಸರದಿಯ ಪಟ್ಟಿಯನ್ನು ಆ ಬೆಳಿಗ್ಗೆಯೇ, ಕೈಯಲ್ಲಿ ಪೊರಕೆ ಇರುವಾಗಲೇ, ಬರೆದುಕೊಳ್ಳುವುದು ಒಳ್ಳೆಯದು.